ಹತ್ತು ರೂಪಾಯಿಯ ಬ್ಯಾಂಕು
(ಅಭ್ಯಾಸ ಲೇಖನ)



ಸಂಜೆ ಕೆಲಸ ಮುಗಿಸಿ ಚಾಂದ್‌ಖೇಡಾದ ರಸ್ತೆಬದಿಯಲ್ಲಿ ತರಕಾರಿ ಕೊಳ್ಳುವಾಗ ತಾವೆಲ್ಲರೂ ಒಂದು ಸಂಗತಿಯನ್ನು ನೋಡಿಯೇ ಇರುತ್ತೀರಿ. ಕೊತ್ತಂಬರಿ ಸೊಪ್ಪು ಮಾರುವ ಮುದುಕಿಯ ತಕ್ಕಡಿಯ ಪಕ್ಕದಲ್ಲಿ ಒಂದು ಚೌಕನೆಯ ರಟ್ಟು ನಿಲ್ಲಿಸಿರುತ್ತದೆ. ಅದರ ಮೇಲೆ ಕಪ್ಪು ಚುಕ್ಕೆಗಳ ಚಿತ್ತಾರ. ನಾವು ಮೊಬೈಲನ್ನು ಅದರ ಮುಂದೆ ಹಿಡಿಯುತ್ತೇವೆ. ಹದಿನೈದು ರೂಪಾಯಿ ಸಂದಾಯವಾಗುತ್ತದೆ. ಚಿಲ್ಲರೆಯ ತಕರಾರಿಲ್ಲ, ಹರಕು ನೋಟಿನ ಜಗಳವಿಲ್ಲ. ಎಲ್ಲವೂ ಸೊಗಸಾಗಿದೆ.

ಆದರೆ ಆ ಹದಿನೈದು ರೂಪಾಯಿ ಯಾರ ಖಾತೆಗೆ ಹೋಯಿತು? ಒಂದು ದಿನ ಆ ಅಜ್ಜಿಯನ್ನೇ ಕೇಳಿದೆವು. "ದೀಕರಾನಾ ಖಾತಾಮಾಂ" ಎಂದರು. ಮಗನ ಖಾತೆಗೆ ಎಂದರ್ಥ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಂಡಿಗೆ ಹೋದವರು ಅವರು. ಬಿಸಿಲಿನಲ್ಲಿ ಕುಳಿತವರು ಅವರು. ಹಣ ಮಾತ್ರ ಅವರ ಕೈಯನ್ನು ಮುಟ್ಟದೆಯೇ ಬೇರೆ ಕಡೆಗೆ ಹೋಗುತ್ತದೆ. ಯಂತ್ರ ಹೊಸದು; ಸಮಸ್ಯೆ ಹಳೆಯದು.

ಈ ಹಳೆಯ ಸಮಸ್ಯೆಯನ್ನು ಐವತ್ತು ವರ್ಷಗಳ ಹಿಂದೆಯೇ, ಇದೇ ಅಹಮದಾಬಾದಿನಲ್ಲಿ, ಒಬ್ಬ ಮಹಿಳೆ ಕೈಗೆತ್ತಿಕೊಂಡರು. ಕಂಪ್ಯೂಟರಿಲ್ಲದ, ಮೊಬೈಲಿಲ್ಲದ ಕಾಲದಲ್ಲಿ ಹಣದ ವ್ಯವಹಾರಕ್ಕೆ ಹೊಸ ತಂತ್ರವನ್ನು ಕಂಡುಹಿಡಿದರು. ಅವರೇ ಇಲಾ ಭಟ್. ಊರವರ ಬಾಯಲ್ಲಿ ಇಲಾಬೆನ್, ಎಂದರೆ ಇಲಾ ಅಕ್ಕ. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದು ನೆಲೆಸಿರುವ ನಾವು ಈ ಊರಿನ ಇಂಥ ಒಬ್ಬರ ಚರಿತ್ರೆಯನ್ನು ತಿಳಿಯದೆ ಇರುವುದು ಸಲ್ಲದು. ಆದಕಾರಣ ಈ ಸಂಚಿಕೆಯ ಪಾಠ ಅವರದೇ.

ವಕೀಲಿಯಿಂದ ಬೀದಿಗೆ

ಇಲಾ ಭಟ್ ಹುಟ್ಟಿದ್ದು 1933ರ ಸೆಪ್ಟೆಂಬರ್ 7ರಂದು, ಅಹಮದಾಬಾದಿನಲ್ಲಿ. ಬೆಳೆದದ್ದು ಸೂರತ್ತಿನಲ್ಲಿ. ತಂದೆ ವಕೀಲರು, ತಾಯಿ ಸ್ತ್ರೀಯರ ಚಳವಳಿಯಲ್ಲಿ ದುಡಿದವರು. ಸೂರತ್ತಿನ ಎಂ. ಟಿ. ಬಿ. ಕಾಲೇಜಿನಿಂದ 1952ರಲ್ಲಿ ಬಿ. ಎ. ಪದವಿ ಪಡೆದು, 1954ರಲ್ಲಿ ಅಹಮದಾಬಾದಿನಲ್ಲಿ ಕಾನೂನು ಪರೀಕ್ಷೆಯನ್ನು ಮುಗಿಸಿದರು. 1955ರಲ್ಲಿ ಗಿರಣಿ ಕೆಲಸಗಾರರ ಮಜೂರ್ ಮಹಾಜನ ಸಂಘದ ಕಾನೂನು ವಿಭಾಗವನ್ನು ಸೇರಿದರು. 1918ರ ಗಿರಣಿ ಮುಷ್ಕರದ ತರುವಾಯ ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ರೂಪುಗೊಂಡ ಸಂಘ ಅದು.

1968ರಲ್ಲಿ ಆ ಸಂಘದ ಮಹಿಳಾ ವಿಭಾಗದ ಹೊಣೆ ಅವರ ಹೆಗಲೇರಿತು. ಗಿರಣಿ ಮುಚ್ಚಿ ಗಂಡಸರು ಮನೆಯಲ್ಲಿ ಕುಳಿತಾಗ ಒಲೆ ಹೇಗೆ ಉರಿಯುತ್ತದೆಂದು ನೋಡಲು ಹೋದ ಇಲಾಬೆನ್‌ಗೆ ಕಂಡದ್ದೇನು? ಹೆಂಗಸರು ತರಕಾರಿ ಮಾರುತ್ತಿದ್ದರು, ಹಳೆಯ ಬಟ್ಟೆ ಹೊಲಿದು ಮಾರುತ್ತಿದ್ದರು, ಬೀಡಿ ಕಟ್ಟುತ್ತಿದ್ದರು, ಕಾಗದ ಆಯುತ್ತಿದ್ದರು. ಅವರ ದುಡಿಮೆಯಿಂದಲೇ ಮನೆ ನಡೆಯುತ್ತಿತ್ತು. ಆದರೆ ಅವರಲ್ಲಿ ಹೆಚ್ಚಿನವರನ್ನು ಕಾನೂನು 'ಕೆಲಸಗಾರ್ತಿ' ಎಂದು ಗುರುತಿಸುತ್ತಿರಲಿಲ್ಲ.

ಬಟ್ಟೆ ಪೇಟೆಯಲ್ಲಿ ತಲೆಹೊರೆ ಹೊರುವ, ಕೈಗಾಡಿ ಎಳೆಯುವ ಹೆಂಗಸರು ಅವರ ಬಳಿಗೆ ಬಂದರು. ಇವರೂ ನಮ್ಮ ಹಾಗೆ ವಲಸೆ ಬಂದವರೇ. ತಲೆಯ ಮೇಲೆ ಸೂರಿಲ್ಲದೆ ಬೀದಿಯಲ್ಲಿ ಮಲಗುವವರು. ಕೂಲಿ ಸರಿಯಾಗಿ ಸಿಗುವುದಿಲ್ಲವೆಂಬುದು ಅವರ ದೂರು. ಇಲಾಬೆನ್ ಆ ವಿಷಯವನ್ನು ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳು, ತಾವು ನ್ಯಾಯವಾದ ದರವನ್ನೇ ಕೊಡುತ್ತೇವೆಂದು ಉತ್ತರ ಅಚ್ಚು ಹಾಕಿಸಿದರು. ಇಲಾಬೆನ್ ಮುಂದೆ ಮಾಡಿದ ಕೆಲಸ ನೋಡಿ: ವ್ಯಾಪಾರಿಗಳು ಹೇಳಿಕೊಂಡ ಆ ದರಗಳನ್ನೇ ಸಣ್ಣ ಚೀಟಿಗಳಲ್ಲಿ ಅಚ್ಚು ಮಾಡಿಸಿ ಹೆಂಗಸರ ಕೈಗೆ ಕೊಟ್ಟರು. ಓದಲು ಬಾರದವಳು ಸಹ ಆ ಚೀಟಿಯನ್ನು ಮುಂದೆ ಹಿಡಿದು, "ನಿಮ್ಮ ಮಾತೇ ಇದು, ಕೊಡಿ" ಎನ್ನಬಹುದಾಯಿತು. ಒಂದು ತುಂಡು ಕಾಗದ ಬಡವಳ ಕೈಯಲ್ಲಿ ಆಯುಧವಾದದ್ದು ಹೀಗೆ.

1971ರ ಡಿಸೆಂಬರಿನಲ್ಲಿ ಈ ಹೆಂಗಸರದೇ ಒಂದು ಸಂಘ ಹುಟ್ಟಿತು. ಅದೇ 'ಸೇವಾ', ಸ್ವಯಂ ಉದ್ಯೋಗಿ ಮಹಿಳೆಯರ ಸಂಘ. ನೋಂದಣಿ ಸುಲಭವಾಗಲಿಲ್ಲ. "ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ?" ಎಂಬುದು ಇಲಾಖೆಯ ಪ್ರಶ್ನೆ. ಸಂಘವೆಂಬುದು ಒಬ್ಬರ ವಿರುದ್ಧ ಮಾತ್ರವಲ್ಲ, ದುಡಿಯುವವರ ಒಗ್ಗಟ್ಟಿಗಾಗಿಯೂ ಇರಬಹುದೆಂದು ವಾದಿಸಿ, 1972ರ ಏಪ್ರಿಲಿನಲ್ಲಿ ನೋಂದಣಿ ಪಡೆದರು.

ಐದು ರೂಪಾಯಿಯ ಬಡ್ಡಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೂಲಿಯ ಮಾತು ಒಂದಾದರೆ, ಬಂಡವಾಳದ ಮಾತು ಇನ್ನೊಂದು. ತರಕಾರಿಯವಳು ಬೆಳಿಗ್ಗೆ ಸಾಹುಕಾರನಿಂದ ಐವತ್ತು ರೂಪಾಯಿ ತರುತ್ತಾಳೆ. ಸಂಜೆ ಐವತ್ತೈದು ಹಿಂದಿರುಗಿಸುತ್ತಾಳೆ. ಅವಳಿಗೆ ಅದು ಬರಿಯ ಐದು ರೂಪಾಯಿ. ಆದರೆ ಪೆನ್ಸಿಲು ಹಿಡಿದು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಮುನ್ನೂರು ದಿನ ವ್ಯಾಪಾರವೆಂದರೆ 1,500 ರೂಪಾಯಿ ಬಡ್ಡಿ ಆಯಿತು. ಅಸಲು ಐವತ್ತು ಹಾಗೆಯೇ ಉಳಿಯಿತು. ಐವತ್ತು ರೂಪಾಯಿ ಸ್ವಂತದ್ದಿದ್ದಿದ್ದರೆ ಆ 1,500 ಅವಳ ಮನೆಯಲ್ಲೇ ಇರುತ್ತಿತ್ತು. ಬಡತನವೆಂದರೆ ಹಣವಿಲ್ಲದಿರುವುದು ಮಾತ್ರವಲ್ಲ. ಇಲ್ಲದ ಹಣಕ್ಕೆ ಎಲ್ಲರಿಗಿಂತ ಹೆಚ್ಚು ಬೆಲೆ ತೆರುವುದು.

1969ರ ಜುಲೈ 19ರಂದು ಸರ್ಕಾರ 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತ್ತು. ಬಡವರಿಗೆ ಸಾಲ ಕೊಡಬೇಕೆಂಬ ಆಜ್ಞೆಯೂ ಇತ್ತು. ಹೀಗಾಗಿ ಇಲಾಬೆನ್ ಮೊದಲು ತಮ್ಮ ಸದಸ್ಯೆಯರನ್ನು ಆ ಬ್ಯಾಂಕುಗಳಿಗೇ ಕಳುಹಿಸಿದರು. ಆದರೆ ಬ್ಯಾಂಕು ತೆರೆಯುವ ಹೊತ್ತು ಇವರ ವ್ಯಾಪಾರದ ಹೊತ್ತು. ಅರ್ಜಿ ಬರೆಯಲು ಅಕ್ಷರ ಬಾರದು. ಕಂಕುಳಲ್ಲಿ ಮಗು, ಮೈಮೇಲೆ ಮಾಸಿದ ಸೀರೆ. ಮೇಜಿನ ಆಚೆಗೆ ಇಸ್ತ್ರಿ ಅಂಗಿಯ ಗುಮಾಸ್ತ. ಗುಮಾಸ್ತನೂ ಕೆಟ್ಟವನಲ್ಲ, ಅವನಿಗೆ ಇಂಥ ಗಿರಾಕಿ ಅಭ್ಯಾಸವಿರಲಿಲ್ಲ, ಅಷ್ಟೆ. ನಮ್ಮಲ್ಲಿಯೂ ಗುಮಾಸ್ತರು ಅನೇಕರಿರುವುದರಿಂದ ಈ ಮಾತನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು.

1973ರ ಡಿಸೆಂಬರಿನ ಸಭೆಯಲ್ಲಿ ಸದಸ್ಯೆಯರೇ ನಮ್ಮದೇ ಬ್ಯಾಂಕು ಏಕಾಗಬಾರದೆಂದು ಕೇಳಿದರು. ನಾವು ಬಡವರು ನಿಜ, ಆದರೆ ಸಂಖ್ಯೆಯಲ್ಲಿ ಬಡವರಲ್ಲವೆಂಬುದು ಅವರ ತರ್ಕ. ನಾಲ್ಕು ಸಾವಿರ ಹೆಂಗಸರು ತಲೆಗೆ ಹತ್ತು ರೂಪಾಯಿಯಂತೆ ಷೇರು ಹಣ ಕೂಡಿಸಿದರು. ಒಟ್ಟು ನಲವತ್ತು ಸಾವಿರ.

ಇನ್ನು ನೋಂದಣಿ. ಸಹಿ ಹಾಕಲು ಬಾರದವರು ಬ್ಯಾಂಕು ನಡೆಸುವುದುಂಟೆ ಎಂದು ಅಧಿಕಾರಿಗಳು ಹಿಂಜರಿದರು. ಮುಂದಾಳುಗಳಾದ ಹೆಂಗಸರು ಒಂದು ರಾತ್ರಿಯೆಲ್ಲ ಕುಳಿತು ತಮ್ಮ ತಮ್ಮ ಹೆಸರನ್ನು ತಿದ್ದಿ ತಿದ್ದಿ ಕಲಿತರು. ಅಕ್ಷರಮಾಲೆ ಅವರಿಗೆ ಬರುತ್ತಿರಲಿಲ್ಲ. ಸ್ವಂತ ಹೆಸರು ಬಂದಿತು. 1974ರ ಮೇ ತಿಂಗಳಲ್ಲಿ 'ಶ್ರೀ ಮಹಿಳಾ ಸೇವಾ ಸಹಕಾರಿ ಬ್ಯಾಂಕ್' ನೋಂದಣಿಯಾಯಿತು.

ತಂತ್ರವೆಂದರೇನು?

ಇಂದು 'ಹಣಕಾಸು ತಂತ್ರಜ್ಞಾನ' ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಕೇಳಿದೊಡನೆ ನಮಗೆ ಮೊಬೈಲು, ಕಂಪ್ಯೂಟರು ನೆನಪಾಗುತ್ತವೆ. ಆದರೆ ಯಂತ್ರ ತಂತ್ರದ ಒಂದು ಭಾಗ ಮಾತ್ರ. ಯಾವುದೇ ಬ್ಯಾಂಕು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಎದುರಿಗೆ ಬಂದವರು ಯಾರು? ಅವರ ಹಣ ಬ್ಯಾಂಕಿಗೆ ಬರುವ ದಾರಿ ಯಾವುದು? ಅವರಿಗೆ ಸಾಲ ಕೊಟ್ಟರೆ ತೀರಿಸುವರೆಂಬುದಕ್ಕೆ ಆಧಾರವೇನು? ಈ ಮೂರಕ್ಕೂ ಇಲಾಬೆನ್ ಮತ್ತು ಅವರ ಸಂಗಾತಿಗಳು ಕಂಡುಕೊಂಡ ಉತ್ತರಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗುರುತು. ಸಹಿ ದಿನಕ್ಕೊಂದು ರೀತಿ ಬೀಳುತ್ತದೆ. ಹೆಸರುಗಳೋ ಒಂದೇ ಹೆಸರಿನವರು ಹತ್ತು ಮಂದಿ. ಆಗ ಬ್ಯಾಂಕಿನವರು ಫೋಟೋ ಹಿಡಿದರು. ಕೈಯಲ್ಲಿ ಸ್ಲೇಟು, ಸ್ಲೇಟಿನ ಮೇಲೆ ಖಾತೆಯ ಸಂಖ್ಯೆ. ಆ ಫೋಟೋ ಪಾಸುಬುಕ್ಕಿಗೆ ಅಂಟಿತು. ಮುಖವೇ ಸಹಿಯಾಯಿತು. ಇಂದು ನಮ್ಮ ಗುರುತಿನ ಚೀಟಿಗಳಲ್ಲೆಲ್ಲ ಫೋಟೋ ಇರುವುದು ನಮಗೆ ಸಹಜ. ಅಂದು, ಅಕ್ಷರವೇ ಗುರುತೆಂದು ನಂಬಿದ್ದ ಬ್ಯಾಂಕಿಂಗ್ ಲೋಕದಲ್ಲಿ, ಅದು ಹೊಸ ಹಾದಿ.

ಎರಡನೆಯದು ದೂರ. ಹತ್ತು ರೂಪಾಯಿ ಕಟ್ಟಲು ಅರ್ಧ ದಿನದ ವ್ಯಾಪಾರ ಕೆಡಿಸಿಕೊಂಡು ಯಾರು ಬರುತ್ತಾರೆ? ಅದಕ್ಕಾಗಿ ಬ್ಯಾಂಕಿನವರೇ ಓಣಿಗೆ, ಪೇಟೆಗೆ, ಮನೆಬಾಗಿಲಿಗೆ ಹೋಗಿ ಉಳಿತಾಯವನ್ನು ಸಂಗ್ರಹಿಸಿದರು.

ಈ ಎರಡನೆಯ ಮಾತು ಬಂದಾಗ ಕನ್ನಡಿಗರಾದ ನಾವು ನಮ್ಮ ಕರಾವಳಿಯನ್ನು ನೆನೆಯದೆ ಮುಂದೆ ಹೋಗಲಾಗದು. 1925ರಲ್ಲಿ ಉಡುಪಿಯಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಸ್ಥಾಪಿಸಿದ ಬ್ಯಾಂಕು 1928ರಲ್ಲಿ 'ಪಿಗ್ಮಿ' ಎಂಬ ಠೇವಣಿ ಪದ್ಧತಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಸಾಕು. ಪಿಗ್ಮಿ ಏಜೆಂಟರು ಮನೆಮನೆಗೆ ಬಂದು ಸಂಗ್ರಹಿಸುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. ಬೆಂಗಳೂರಿನ ಶೇಷಾದ್ರಿಪುರದಲ್ಲಿ 1962ರಲ್ಲಿ, ಮಹಿಳೆಯರೇ ನಡೆಸುವ ಶಾಖೆಯನ್ನೂ ಅದು ತೆರೆಯಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್, 2019ರ ಏಪ್ರಿಲ್ 1ರಂದು, ವಡೋದರೆಯಲ್ಲಿ 1908ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಊರಿನಲ್ಲಿ ನಮ್ಮ ತಾತಂದಿರು ಕೂಡಿಟ್ಟ ಪುಡಿಗಾಸಿನ ಲೆಕ್ಕ ಈಗ ಗುಜರಾತಿನ ಬ್ಯಾಂಕಿನ ಪುಸ್ತಕದಲ್ಲಿದೆ ಎಂದರೆ ತಪ್ಪಾಗದು. ನಾವು ಮಾತ್ರವಲ್ಲ, ನಮ್ಮ ಹಣವೂ ವಲಸೆ ಬಂದಿದೆ!

ಮೂರನೆಯದು ನಂಬಿಕೆ. ಆರಂಭದಲ್ಲಿ ಸೇವಾ ಬ್ಯಾಂಕು ಉಳಿತಾಯ ಸಂಗ್ರಹಿಸಿ, ಸಾಲವನ್ನು ರಾಷ್ಟ್ರೀಕೃತ ಬ್ಯಾಂಕುಗಳಿಂದ ಕೊಡಿಸುತ್ತಿತ್ತು. 1976ರಿಂದ ತನ್ನ ಸ್ವಂತ ಹಣದಿಂದಲೇ ಸಾಲ ಕೊಡತೊಡಗಿತು. ಅಡವಿಡಲು ಚಿನ್ನವಿಲ್ಲ, ಜಮೀನಿಲ್ಲ. ಹಾಗಾದರೆ ಆಧಾರ? ಅವಳು ಕ್ರಮವಾಗಿ ಉಳಿತಾಯ ಮಾಡಿದ್ದಾಳೆಯೆ, ಅವಳ ಕಸುಬು ಎಂಥದು, ನೆರೆಯವರು ಅವಳ ವಿಷಯ ಏನೆನ್ನುತ್ತಾರೆ, ಇವೇ ಆಧಾರ. ಹೀಗೆ ಕೊಟ್ಟ ಸಾಲ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಹಿಂದಕ್ಕೆ ಬಂದಿತು. ಬಡವರು ಸಾಲ ತೀರಿಸುವುದಿಲ್ಲವೆಂಬ ಮಾತು ಇಲ್ಲಿ ಸುಳ್ಳಾಯಿತು.

ಇವೆಲ್ಲಕ್ಕಿಂತ ದೊಡ್ಡದು ಇಲಾಬೆನ್ ಹಿಡಿದ ಒಂದು ಹಟ. ಸಾಲದ ಹಣದಿಂದ ಕೈಗಾಡಿ ಕೊಂಡರೆ ಅದು ಅವಳ ಹೆಸರಿನಲ್ಲಿರಬೇಕು. ಅಡವಾಗಿದ್ದ ಜಮೀನು ಬಿಡಿಸಿಕೊಂಡರೆ ಅದು ಅವಳ ಹೆಸರಿಗೂ ಆಗಬೇಕು. ಮನೆಯಲ್ಲಿ ಜಗಳವೆಬ್ಬಿಸಲು ಹೇಳಿದ ಮಾತಲ್ಲ ಇದು. ದುಡಿದವಳ ಹೆಸರು ಕಾಗದದ ಮೇಲೆ ಇಲ್ಲದಿದ್ದರೆ, ಕಷ್ಟಕಾಲದಲ್ಲಿ ಅವಳ ದುಡಿಮೆ ಅವಳಿಗೇ ದಕ್ಕುವುದಿಲ್ಲವೆಂಬ ಅನುಭವದ ಮಾತು.

ಏರಿದ ದಾರಿ, ತೆತ್ತ ಬೆಲೆ

ಇಲಾಬೆನ್ ಅವರಿಗೆ 1977ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಘಾನಾ ದೇಶದ ಎಸ್ತರ್ ಓಕ್ಲೂ, ಅಮೆರಿಕದ ಮೈಕೇಲಾ ವಾಲ್ಷ್ ಮುಂತಾದವರೊಡನೆ ಸೇರಿ, ಬಡ ಹೆಂಗಸರಿಗೆ ಹಣಕಾಸಿನ ನೆರವು ಸಿಗುವಂತೆ ಮಾಡುವ 'ವಿಮೆನ್ಸ್ ವರ್ಲ್ಡ್ ಬ್ಯಾಂಕಿಂಗ್' ಎಂಬ ಜಾಗತಿಕ ಸಂಸ್ಥೆಯನ್ನು ಕಟ್ಟಿದರು. ಅದರ ಅಧ್ಯಕ್ಷರೂ ಆದರು.

ಆದರೆ ದಾರಿಯುದ್ದಕ್ಕೂ ಹೂವೇ ಇರಲಿಲ್ಲ. 1981ರಲ್ಲಿ ಅಹಮದಾಬಾದಿನಲ್ಲಿ ಮೀಸಲಾತಿಯ ವಿರುದ್ಧ ಗಲಭೆ ನಡೆದಾಗ ಇಲಾಬೆನ್ ದಲಿತರ ಪಕ್ಷ ವಹಿಸಿ ಮಾತನಾಡಿದರು. ಇಪ್ಪತ್ತೈದು ವರ್ಷ ದುಡಿದ ಮಜೂರ್ ಮಹಾಜನದಿಂದಲೇ ಅವರನ್ನೂ ಸೇವಾ ಸಂಘವನ್ನೂ ಹೊರಹಾಕಲಾಯಿತು. ಆಶ್ರಯ ತಪ್ಪಿತು, ಕೆಲಸ ನಿಲ್ಲಲಿಲ್ಲ. ಹತ್ತು ರೂಪಾಯಿಯ ಷೇರುದಾರರು ತಮ್ಮ ಬ್ಯಾಂಕನ್ನು ಬಿಟ್ಟುಕೊಡಲಿಲ್ಲ.

1986ರಲ್ಲಿ ಬ್ಯಾಂಕಿನ ವ್ಯವಸ್ಥಾಪಕ ನಿರ್ದೇಶಕಿಯಾಗಿ ಲೆಕ್ಕಪರಿಶೋಧಕಿ ಜಯಶ್ರೀ ವ್ಯಾಸ್ ಬಂದರು. ದೀರ್ಘಕಾಲ ಅದನ್ನು ನಡೆಸಿದರು. ನಾಯಕತ್ವದ ಗುಟ್ಟು ಇಲ್ಲಿದೆ. ತಾವೇ ಕೊನೆಯವರೆಗೆ ಕುರ್ಚಿ ಹಿಡಿದು ಕುಳಿತುಕೊಳ್ಳದೆ, ಬಲ್ಲವರ ಕೈಗೆ ಕೆಲಸವನ್ನು ಒಪ್ಪಿಸುವುದು. ಇಲಾಬೆನ್ ಅದೇ ವರ್ಷ ರಾಜ್ಯಸಭೆಗೆ ನಾಮಕರಣಗೊಂಡರು. ಅವರ ಅಧ್ಯಕ್ಷತೆಯ ಆಯೋಗ 1988ರಲ್ಲಿ 'ಶ್ರಮಶಕ್ತಿ' ಎಂಬ ವರದಿಯನ್ನು ಒಪ್ಪಿಸಿತು. ಬೀದಿ ವ್ಯಾಪಾರಿಗಳ ರಕ್ಷಣೆಗಾಗಿ 2014ರಲ್ಲಿ ಕೇಂದ್ರ ಕಾಯಿದೆ ಬರುವುದರ ಹಿಂದೆ ಸೇವಾದಂಥ ಸಂಘಗಳ ದೀರ್ಘ ಹೋರಾಟವಿದೆ. 2022ರ ನವೆಂಬರ್ 2ರಂದು, 89ನೆಯ ವಯಸ್ಸಿನಲ್ಲಿ, ಅಹಮದಾಬಾದಿನಲ್ಲಿಯೇ ಇಲಾಬೆನ್ ಕಣ್ಣು ಮುಚ್ಚಿದರು. ಖಾದಿ ಸೀರೆ, ಸಣ್ಣ ಮನೆ, ಮೆಲು ಮಾತು. ಇಷ್ಟೇ ಅವರ ಆಡಂಬರ.

ಇಂದಿನ ಕಾಲದಲ್ಲಿ ಇದೇ ಗುಜರಾತು ಇನ್ನೊಬ್ಬ ಮಹಿಳೆಯನ್ನು ಈ ಕ್ಷೇತ್ರಕ್ಕೆ ಕೊಟ್ಟಿದೆ. ಸೂರತ್ತಿನಲ್ಲಿ ಬೆಳೆದ ಉಪಾಸನಾ ಟಾಕು ಜಲಂಧರಿನಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮುಂದೆ ಓದಿ, ಅಲ್ಲಿಯೇ ಪೇಪಾಲ್ ಎಂಬ ಹಣ ಪಾವತಿಯ ಕಂಪನಿಯಲ್ಲಿ ಕೆಲಸ ಮಾಡಿದವರು. ಸ್ವದೇಶಕ್ಕೆ ಮರಳಿ ಬಿಪಿನ್ ಪ್ರೀತ್ ಸಿಂಗ್ ಅವರೊಡನೆ ಮೊಬಿಕ್ವಿಕ್ ಎಂಬ ಮೊಬೈಲ್ ಪಾವತಿ ಕಂಪನಿಯನ್ನು ಕಟ್ಟಿದರು. 2009ರಲ್ಲಿ ಆರಂಭವಾದ ಆ ಕಂಪನಿ 2024ರ ಡಿಸೆಂಬರಿನಲ್ಲಿ ಷೇರುಪೇಟೆಗೆ ಬಂದಿತು. ಒಬ್ಬರದು ಸ್ಲೇಟು, ಇನ್ನೊಬ್ಬರದು ಮೊಬೈಲು. ಎರಡೂ ಹಣವನ್ನು ಸಾಮಾನ್ಯರ ಬಳಿಗೆ ತರುವ ದಾರಿಗಳೇ. ಆದರೆ ಮೊದಲನೆಯದರ ಒಡತಿಯರು ತರಕಾರಿಯವರೇ ಆಗಿದ್ದರೆಂಬ ವ್ಯತ್ಯಾಸವನ್ನು ಮರೆಯಬಾರದು.

ನಮ್ಮ ಮನೆಯ ಮಾತು

ಈಗ ಹೇಳಬೇಕೆಂದಿದ್ದುದನ್ನು ಹೇಳಿಬಿಡುತ್ತೇವೆ. ಈ ಪಾಠ ಬರೆಯಲು ಕಾರಣ ನಮ್ಮ ಬಳಗದ ಒಂದು ಮನೆ. ಬಾಗಲಕೋಟೆಯ ಕಡೆಯಿಂದ ಬಂದವರು. ಯಜಮಾನರು ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದರು. ಮನೆಯ ಅಕ್ಕನವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಒಂಟಿಯಾಗಿರುವ ನಮ್ಮ ಹುಡುಗರಿಗೆ ಮಾರುತ್ತಿದ್ದರು. ನಾವೂ ತಿಂದವರೇ. ಹಣವೆಲ್ಲ ಮೊಬೈಲಿನಲ್ಲಿ ಯಜಮಾನರ ಖಾತೆಗೆ. ಒಂದು ಮಳೆಗಾಲ ಅವರು ಹಠಾತ್ತಾಗಿ ತೀರಿಕೊಂಡರು. ಖಾತೆಗೆ ನಾಮಿನಿ ಇರಲಿಲ್ಲ. ಊರಿನಿಂದ ಕಾಗದ, ಇಲ್ಲಿಂದ ಪ್ರಮಾಣಪತ್ರ, ಒಂದರಲ್ಲಿ ಹೆಸರು ಕನ್ನಡದ ರೀತಿ, ಇನ್ನೊಂದರಲ್ಲಿ ಗುಜರಾತಿಯ ರೀತಿ! ತಮ್ಮದೇ ರೊಟ್ಟಿಯ ಹಣ ತಮ್ಮ ಕೈಗೆ ಬರಲು ಆ ಅಕ್ಕನವರು ಏಳು ತಿಂಗಳು ಅಲೆದರು. ಯಾರನ್ನೂ ದೂರುವಂತಿಲ್ಲ; ನಿಯಮ ನಿಯಮವೇ. ದೂರಬೇಕಾದರೆ ನಮ್ಮನ್ನೇ ದೂರಬೇಕು. ವಾಚನಾಲಯದಲ್ಲಿ ಕುಳಿತು ದಿನವೂ ಪತ್ರಿಕೆ ಓದುವ ನಾವು, "ಅಕ್ಕ, ನಿಮ್ಮ ಹೆಸರಿನಲ್ಲಿ ಒಂದು ಖಾತೆ ಮಾಡಿಸಿ" ಎಂಬ ಒಂದು ಮಾತನ್ನು ಹೇಳಲಿಲ್ಲ. ರೊಟ್ಟಿ ಕೊಂಡೆವು, ಹಣ ಕಳುಹಿಸಿದೆವು, ಸುಮ್ಮನಾದೆವು.

ಆದ್ದರಿಂದ ಈ ನಾಲ್ಕು ಮಾತುಗಳನ್ನು ತಾವು ಮನೆಗೆ ಒಯ್ಯಬೇಕು.

1. ದುಡಿಯುವ ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಖಾತೆ, ಆ ಖಾತೆಗೆ ಅವರದೇ ಮೊಬೈಲು ಸಂಖ್ಯೆ ಇರಲಿ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ಖಾತೆಯಲ್ಲಿ ಕನಿಷ್ಠ ಹಣ ಇಟ್ಟಿರಬೇಕೆಂಬ ನಿಯಮವಿಲ್ಲ.

2. ನಾಮಿನಿಯ ಹೆಸರು ಬರೆಸಿ. 2025ರ ನವೆಂಬರ್ 1ರಿಂದ ಬ್ಯಾಂಕಿನ ಠೇವಣಿಗೆ ನಾಲ್ವರವರೆಗೆ ಹೆಸರು ಕೊಡಬಹುದು. ಎಲ್ಲ ಕಾಗದಗಳಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ.

3. ಯು.ಪಿ.ಐ. ಎಂಬ ಮೊಬೈಲು ಪಾವತಿ ಪದ್ಧತಿ 2016ರಲ್ಲಿ ಬಂದಿತು. ಅದರ ಗುಪ್ತ ಸಂಖ್ಯೆ ಬೇಕಾಗುವುದು ಹಣ ಕೊಡುವಾಗ. ಹಣ ಪಡೆಯುವಾಗ ಬೇಡ. "ಹಣ ಬರಬೇಕಾದರೆ ಸಂಖ್ಯೆ ಒತ್ತಿ" ಎಂದು ಯಾರಾದರೂ ಹೇಳಿದರೆ ಅವನು ಮೋಸಗಾರ. ಮೋಸವಾಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ 1930ಕ್ಕೆ ಫೋನು ಮಾಡಿ.

4. ಬ್ಯಾಂಕಿನಲ್ಲಿಟ್ಟ ಹಣಕ್ಕೆ, ಸಹಕಾರಿ ಬ್ಯಾಂಕು ಸೇರಿ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿಯವರೆಗೆ ವಿಮೆಯುಂಟು. 2020ರವರೆಗೆ ಅದು ಒಂದು ಲಕ್ಷ ಮಾತ್ರವಿತ್ತು. ನೋಂದಣಿಯಿಲ್ಲದ ಚೀಟಿಗಳಿಗೆ ಈ ರಕ್ಷಣೆಯಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ದಿನಕ್ಕೆ ನೂರು ರೂಪಾಯಿಗೆ ಹತ್ತು ರೂಪಾಯಿ ಬಡ್ಡಿ ತೆರುವವರು ತಿಂಗಳಿಗೆ ಎಷ್ಟು ತೆತ್ತಂತಾಯಿತು? ತಮ್ಮ ಪರಿಚಯದಲ್ಲಿ ಇಂಥವರು ಇದ್ದಾರೆಯೆ?

2. ಸ್ಲೇಟು ಹಿಡಿದ ಫೋಟೋ ಯಾವ ತೊಂದರೆಯನ್ನು ಪರಿಹರಿಸಿತು? ಇಂದು ಅಕ್ಷರ ಬಾರದವರು ಮೊಬೈಲು ಹಿಡಿದಾಗ ಎದುರಾಗುವ ತೊಂದರೆ ಯಾವುದು?

3. ನಿಮ್ಮ ಮನೆಯಲ್ಲಿ ಎಷ್ಟು ಮಂದಿ ದುಡಿಯುತ್ತಾರೆ? ಎಷ್ಟು ಪಾಸುಬುಕ್ಕುಗಳಿವೆ? ಈ ಎರಡು ಸಂಖ್ಯೆಗಳು ಒಂದೇ ಆಗಿವೆಯೆ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ನಮಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಸಾಕು. ಆದರೆ ಸಂಖ್ಯೆಗಳು ಒಂದೇ ಆಗಿರದಿದ್ದರೆ ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬನ್ನಿ. ಖಾತೆಯ ಅರ್ಜಿ, ನಾಮಿನಿಯ ಅರ್ಜಿ ತುಂಬಲು ನಮ್ಮ ಗುಮಾಸ್ತ ಮಿತ್ರರು ಕೂತಿರುತ್ತಾರೆ. ಬರುವಾಗ ಮನೆಯವರನ್ನೂ ಕರೆತನ್ನಿ. ಸಹಿ ಬಾರದೆಂದು ಹಿಂಜರಿಯಬೇಡಿ. ಸ್ವಂತ ಹೆಸರನ್ನು ತಿದ್ದಿ ಕಲಿಯಲು ಒಂದು ರಾತ್ರಿ ಸಾಕೆಂದು ಈ ಊರಿನ ತರಕಾರಿಯವರೇ ತೋರಿಸಿಕೊಟ್ಟಿದ್ದಾರೆ.